31 ಮಿಲಿಮೀಟರ್ ತಂತಿ, ಒಂದು ತಗಡಿನ ಡಬ್ಬ, ಮತ್ತೆ ವೈಫೈ ರೇಂಜು

ವೈಫೈ ಕೊನೇ ರೂಮಿಗೆ ಬರ್ತಿಲ್ಲ ಅಂದ ತಕ್ಷಣ ಎಲ್ರೂ ಯೋಚ್ನೆ ಮಾಡೋದು ಪವರ್ ಬಗ್ಗೆ. ಸಿಗ್ನಲ್ ವೀಕ್ ಇದೆ, ಜೋರು ಮಾಡಿದ್ರೆ ಸರಿಹೋಗುತ್ತೆ ಅಂತ. ಆದ್ರೆ ರೂಟರ್ ಪವರ್ ಜಾಸ್ತಿ ಮಾಡಿದ್ರೆ ರೂಟರ್ ಹೇಳೋದು ಫೋನಿಗೆ ಚೆನ್ನಾಗಿ ಕೇಳಿಸುತ್ತೆ ಅಷ್ಟೇ, ಫೋನ್ ಹೇಳೋದು ರೂಟರಿಗೆ ಮೊದಲು ಎಷ್ಟು ಕೇಳ್ತಿತ್ತೋ ಈಗ್ಲೂ ಅಷ್ಟೇ ಕೇಳೋದು, ಯಾಕಂದ್ರೆ ಫೋನಿನ ಪವರ್ ಏನೂ ಬದಲಾಗಿಲ್ಲ. ವೈಫೈಲಿ ಸಾಮಾನ್ಯವಾಗಿ ಕಳಿಸಿದ ಡೇಟಾಗೆ ಆ ಕಡೆಯಿಂದ 'ಬಂತು' ಅಂತ ಒಂದು ಪುಟ್ಟ ಉತ್ತರ ಬರ್ಬೇಕು, ಬರದಿದ್ರೆ ಅದನ್ನೇ ಮತ್ತೆ ಮತ್ತೆ ಕಳಿಸ್ತಾ ಕೂರುತ್ತೆ. ಫೋನಲ್ಲಿ ಕಡ್ಡಿಗಳೆಲ್ಲ ಫುಲ್ ಇದ್ರೂ ಪೇಜ್ ಓಪನ್ ಆಗದೆ ಸುತ್ತುತ್ತಾ ಇರೋದಕ್ಕೆ ಎಷ್ಟೋ ಸಲ ಇದೇ ಕಾರಣ.

ಆಂಟೆನಾ ವಿಷಯ ಬೇರೆ. ದೂರದವರನ್ನ ಕೂಗುವಾಗ ಬಾಯಿ ಸುತ್ತ ಕೈ ಹಿಡಿತೀವಲ್ಲ, ಅವರ ಮಾತು ಕೇಳೋಕೆ ಅದೇ ಕೈನ ಕಿವಿ ಹಿಂದೆ ಇಟ್ಕೋತೀವಲ್ಲ, ಆಂಟೆನಾ ಎರಡೂ ಕೆಲಸ ಒಟ್ಟಿಗೇ ಮಾಡುತ್ತೆ. ಒಂದು ಆಂಟೆನಾ ಒಂದು ದಿಕ್ಕಿಗೆ ಹತ್ತು ಪಟ್ಟು ಚೆನ್ನಾಗಿ ಕಳಿಸುತ್ತೆ ಅಂದ್ರೆ ಆ ದಿಕ್ಕಿಂದ ಬರೋದನ್ನೂ ಹತ್ತು ಪಟ್ಟು ಚೆನ್ನಾಗೇ ಹಿಡಿಯುತ್ತೆ, ಇದು ಭೌತಶಾಸ್ತ್ರದ ನಿಯಮ, ಡಿಸೈನ್ ಮಾಡೋರು ಸೇರಿಸಿದ ಸೌಕರ್ಯ ಅಲ್ಲ. ಹೊಸ ಶಕ್ತಿ ಏನೂ ಹುಟ್ಟಲ್ಲ, ಸುತ್ತ ಎಲ್ಲಾ ಕಡೆ ಚೆಲ್ಲಿ ಹೋಗ್ತಿದ್ದದ್ದು ಒಂದು ಕಡೆ ಒಟ್ಟಾಗುತ್ತೆ. ಹಾಗಾಗಿ ನನ್ನ ಪ್ರಕಾರ ರೇಂಜ್ ಬೇಕು ಅನ್ನೋರು ಮೊದಲು ಕೈ ಹಾಕಬೇಕಾದ್ದು ಆಂಟೆನಾಗೆ, ಆಂಪ್ಲಿಫೈಯರ್‌ಗೆ ಅಲ್ವೇ ಅಲ್ಲ.

ಲೆಕ್ಕ ಸ್ವಲ್ಪ ನೋಡೋಣ, ಕಷ್ಟ ಇಲ್ಲ. ರೇಡಿಯೋ ಮಂದಿ ಎಲ್ಲಾನೂ ಡೆಸಿಬಲ್‌ನಲ್ಲಿ ಅಳೀತಾರೆ: 3 ಡೆಸಿಬಲ್ ಅಂದ್ರೆ ಶಕ್ತಿ ಎರಡು ಪಟ್ಟು, 10 ಅಂದ್ರೆ ಹತ್ತು ಪಟ್ಟು, 20 ಅಂದ್ರೆ ನೂರು ಪಟ್ಟು. ಬಯಲಲ್ಲಿ ದೂರ ಎರಡರಷ್ಟು ಆದಾಗ ಸಿಗ್ನಲ್ 6 ಡೆಸಿಬಲ್ ಇಳಿಯುತ್ತೆ. 2.4 ಗಿಗಾಹರ್ಟ್ಜ್ ವೈಫೈ ಒಂದೇ ಮೀಟರ್ ದೂರಕ್ಕೆ ಸುಮಾರು 40 ಡೆಸಿಬಲ್ ಕಳ್ಕೊಳುತ್ತೆ, 100 ಮೀಟರಿಗೆ 80, ಒಂದು ಕಿಲೋಮೀಟರಿಗೆ 100. ರೂಟರ್ 100 ಮಿಲಿವ್ಯಾಟ್ ಬಿಟ್ರೆ ಒಂದು ಕಿಲೋಮೀಟರ್ ಆಚೆ ತಲುಪೋದು ಒಂದು ವ್ಯಾಟಿನ ಹತ್ತು ಸಾವಿರ ಕೋಟಿ ಭಾಗದಲ್ಲಿ ಒಂದು ಭಾಗ, ಮತ್ತೆ ಆಶ್ಚರ್ಯ ಏನಂದ್ರೆ ನಿಧಾನದ ಸ್ಪೀಡಲ್ಲಿ ವೈಫೈ ಚಿಪ್‌ಗೆ ಅಷ್ಟೂ ಸಾಕು, ಅದಕ್ಕಿಂತ ಹತ್ತು ಪಟ್ಟು ಕಮ್ಮಿ ಇದ್ರೂ ಹಿಡಿಯುತ್ತೆ. ಅಂದ್ರೆ ಪೂರ್ತಿ ಬಯಲಾಗಿದ್ರೆ, ಬೇರೆ ಗಲಾಟೆ ಇಲ್ದಿದ್ರೆ, ಎತ್ತರದಲ್ಲಿಟ್ಟಿದ್ರೆ, ಮಾಮೂಲಿ ವೈಫೈನೂ ಒಂದು ಕಿಲೋಮೀಟರ್ ಹೋಗೋ ತಾಕತ್ತು ಇಟ್ಕೊಂಡಿದೆ. ಕೊಲ್ಲೋದು ಗೋಡೆ. ಒಂದು ದಪ್ಪ ಕಾಂಕ್ರೀಟ್ ಗೋಡೆ ಹತ್ತಕ್ಕಿಂತ ಜಾಸ್ತಿ ಡೆಸಿಬಲ್ ನುಂಗಿಬಿಡಬಹುದು, ನೀರು ತುಂಬಿದ ಎಲೆ, ನಮ್ಮ ಮೈ, ಇವೆಲ್ಲ ತಮ್ಮ ಪಾಲು ತಗೋತಾವೆ.

ಈಗ ತಂತಿಗೆ ಬರೋಣ. 2.4 ಗಿಗಾಹರ್ಟ್ಜ್ ತರಂಗದ ಉದ್ದ 12.2 ಸೆಂಟಿಮೀಟರ್ ಆಸುಪಾಸು, ಅದರ ಕಾಲು ಭಾಗ 31 ಮಿಲಿಮೀಟರ್. ಈ ಕಾಲು ಭಾಗದ ತಂತಿ ಆ ತರಂಗಕ್ಕೆ ಶ್ರುತಿ ಆಗಿರುತ್ತೆ. ಅಗ್ಗದ ಬ್ಲೂಟೂತ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚೋ ಪುಟ್ಟ ರೇಡಿಯೋ), ವೈಫೈ ಮಾಡ್ಯೂಲ್ ಬಿಚ್ಚಿ ನೋಡಿದ್ರೆ ಬೋರ್ಡ್ ತುದಿಯಲ್ಲಿ ಹಾವಿನ ಥರ ಸುತ್ತಿಕೊಂಡು ಹೋಗಿರೋ ತಾಮ್ರದ ಗೆರೆ ಕಾಣುತ್ತೆ, ಅದೇ ಆಂಟೆನಾ, ಜಾಗ ಉಳಿಸೋಕೆ ಮಡಚಿ ಇಟ್ಟಿರೋದು. ಮಡಚಿದಷ್ಟೂ ಕೆಲಸ ಸ್ವಲ್ಪ ಕುಂಟುತ್ತೆ. ಆ ಗೆರೆ ಶುರುವಾಗೋ ಜಾಗದಲ್ಲಿ ಬ್ಲೇಡ್‌ನಿಂದ ಕತ್ತರಿಸಿ, ಚಿಪ್ ಕಡೆಯ ತುದಿ ಮೇಲಿನ ಹಸಿರು ಲೇಪ ಕೆರೆದು, ಅಲ್ಲಿಗೆ ನೆಟ್ಟಗಿರೋ 31 ಮಿಲಿಮೀಟರ್ ತಾಮ್ರದ ತಂತಿ ಬೆಸುಗೆ ಹಾಕೋದು ಈ ಹವ್ಯಾಸದವರ ಮೊದಲನೇ ಪಾಠ. ಹಳೇ ಗೆರೆನ ಕತ್ತರಿಸದೆ ತಂತಿ ಮಾತ್ರ ಅಂಟಿಸಿದ್ರೆ ಎರಡು ಆಂಟೆನಾ ಒಂದಕ್ಕೊಂದು ಎಳೆದಾಡಿ ಇದ್ದ ರೇಂಜೂ ಹೋಗೋ ಸಾಧ್ಯತೆ ಇರುತ್ತೆ. ಕೆಲವು ಬೋರ್ಡಲ್ಲಿ ಕತ್ತರಿಸೋದೂ ಬೇಡ: ಇಎಸ್‌ಪಿ32 ಕ್ಯಾಮ್ ಅನ್ನೋ ವೈಫೈ ಕ್ಯಾಮೆರಾ ಬೋರ್ಡಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಶೂನ್ಯ ಓಮ್ ರೆಸಿಸ್ಟರ್, ಅಂದ್ರೆ ಬರೀ ಸೇತುವೆ ಥರದ ಬಿಡಿಭಾಗ ಇದೆ, ಅದನ್ನ ಕಿತ್ತು ಪಕ್ಕದ ಜಾಗಕ್ಕೆ ತಿರುಗಿಸಿ ಕೂರಿಸಿದ್ರೆ ಬೋರ್ಡ್ ಮೇಲಿನ ಆಂಟೆನಾ ಬಿಟ್ಟು ಹೊರಗಿನ ಆಂಟೆನಾ ಕನೆಕ್ಟರ್‌ಗೆ ದಾರಿ ಆಗುತ್ತೆ. ಕೈ ನಡುಗದೆ ಇರ್ಬೇಕು ಅಷ್ಟೇ. 433 ಮೆಗಾಹರ್ಟ್ಜ್ ರಿಮೋಟ್ ಮಾಡ್ಯೂಲ್‌ಗಳಿಗಾದ್ರೆ ತರಂಗ 69 ಸೆಂಟಿಮೀಟರ್, ಹಾಗಾಗಿ ತಂತಿ 17.3 ಸೆಂಟಿಮೀಟರ್, ಎಷ್ಟೋ ಮಾಡ್ಯೂಲ್ ಆಂಟೆನಾನೇ ಇಲ್ದೆ ಬರ್ತಾವೆ, ಅದಕ್ಕೆ ಈ ಒಂದು ತಂತಿ ಹಾಕಿದ್ರೆ ಆಗೋ ವ್ಯತ್ಯಾಸ ನೋಡಿ ಖುಷಿ ಆಗದೇ ಇರಲ್ಲ.

ಇದಕ್ಕಿಂತಲೂ ಸುಲಭದ ಕೆಲಸ ಒಂದಿದೆ, ಬೆಸುಗೆ ಬೇಡ, ಬಿಚ್ಚೋದು ಬೇಡ: ರೂಟರಿನ ಆಂಟೆನಾ ಕಡ್ಡಿ ಹಿಂದೆ ರಟ್ಟನ್ನ ಬಿಲ್ಲಿನ ಥರ ಬಗ್ಗಿಸಿ ಅದರ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ನಿಲ್ಸೋದು. ಇಷ್ಟು ತೆಳು ಫಾಯಿಲ್ ಏನು ಮಾಡೀತು ಅನ್ನಿಸಬಹುದು, ಆದ್ರೆ ಈ ಫ್ರೀಕ್ವೆನ್ಸಿಲಿ ತರಂಗ ಅಲ್ಯೂಮಿನಿಯಂ ಒಳಗೆ ಇಳಿಯೋದು ಹೆಚ್ಚುಕಮ್ಮಿ 1.7 ಮೈಕ್ರಾನ್ ಮಾತ್ರ, ಫಾಯಿಲ್ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ ಇರುತ್ತೆ, ಹಾಗಾಗಿ ಅದು ದಪ್ಪ ತಗಡಿನಷ್ಟೇ ಚೆನ್ನಾಗಿ ವಾಪಸ್ ಕಳಿಸುತ್ತೆ. ಇದು ಹೊಸ ಉಪಾಯ ಏನಲ್ಲ. ರೇಡಿಯೋ ತರಂಗ ಇದೆ ಅಂತ ತೋರಿಸಿದ ಹೈನ್ರಿಕ್ ಹರ್ಟ್ಜ್ 1888ರಲ್ಲೇ ಸತುವಿನ ತಗಡನ್ನ ಎರಡು ಮೀಟರ್ ಎತ್ತರದ ಪ್ಯಾರಾಬೋಲಾ (ತರಂಗನೆಲ್ಲ ಒಂದೇ ದಿಕ್ಕಿಗೆ ತಿರುಗಿಸೋ ಬಾಗು) ಆಕಾರಕ್ಕೆ ಬಗ್ಗಿಸಿ ತನ್ನ ತರಂಗಗಳನ್ನ ಒಂದು ದಿಕ್ಕಿಗೆ ಕಳಿಸಿದ್ದ. 2017ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು ಇದನ್ನೇ ಇನ್ನೂ ಮುಂದಕ್ಕೆ ಒಯ್ದು, ಎಲ್ಲಿ ಸಿಗ್ನಲ್ ಬೇಕು ಎಲ್ಲಿ ಬೇಡ ಅಂತ ಕಂಪ್ಯೂಟರಿಗೆ ಹೇಳಿ, ಅದು ಲೆಕ್ಕ ಹಾಕಿದ ವಿಚಿತ್ರ ವಕ್ರ ಆಕಾರನ 3ಡಿ ಪ್ರಿಂಟ್ ಮಾಡಿ ಲೋಹದ ಹೊದಿಕೆ ಹಾಕಿ ರೂಟರ್ ಸುತ್ತ ಇಟ್ರು, ಬೇಕಾದ ರೂಮಲ್ಲಿ ಸಿಗ್ನಲ್ ಏರ್ತು, ಬೇಡದ ಕಡೆ ಇಳೀತು.

ಬಿಲ್ಲಿನ ಬದಲು ಬಟ್ಟಲು ಸಿಕ್ರೆ ಇನ್ನೂ ಚೆನ್ನ. ನ್ಯೂಜಿಲೆಂಡಿನ ಸ್ಟ್ಯಾನ್ ಸ್ವಾನ್ ಅನ್ನೋರು ಕರಿಯೋಕೆ ಬಳಸೋ ಜಾಲರಿ ಬಟ್ಟಲಿನ ಮಧ್ಯೆ ವೈಫೈ ಡಾಂಗಲ್ ಇಟ್ಟು ತೋರಿಸಿದ್ದು ತುಂಬಾ ಜನರ ಗಮನ ಸೆಳೀತು. ನನಗೆ ಇದ್ರಲ್ಲಿ ಬಹಳ ಇಷ್ಟ ಆಗಿದ್ದು ಬಟ್ಟಲಿಗಿಂತ ಡಾಂಗಲನ್ನ ಕಂಪ್ಯೂಟರಿಗೆ ಜೋಡಿಸೋ ಯುಎಸ್‌ಬಿ ಕೇಬಲ್. ಆಂಟೆನಾನ ದೂರ ಇಟ್ಟು ರೇಡಿಯೋ ಸಿಗ್ನಲ್‌ನ ಕೇಬಲಲ್ಲಿ ತಂದ್ರೆ ಮಾಮೂಲಿ ತೆಳು ಆರ್‌ಜಿ-58 ಕೇಬಲ್ ಮೀಟರಿಗೆ ಒಂದು ಡೆಸಿಬಲ್ ತಿನ್ನುತ್ತೆ, ಆರು ಮೀಟರ್ ಎಳೆದ್ರೆ ಕಷ್ಟಪಟ್ಟು ಗಳಿಸಿದ ಎರಡು ಪಟ್ಟು ದೂರ ಅಲ್ಲೇ ಖಾಲಿ. ಅದರ ಬದಲು ರೇಡಿಯೋನೇ ಬಟ್ಟಲ ಮಧ್ಯೆ ಕೂರಿಸಿದ್ರೆ ಕೇಬಲಲ್ಲಿ ಬರೋದು ಬರೀ ಡಿಜಿಟಲ್ ಡೇಟಾ, ಯುಎಸ್‌ಬಿ 2.0 ಆದ್ರೆ 5 ಮೀಟರ್ ತನಕ ಆರಾಮಾಗಿ ಬರುತ್ತೆ. ಡಾಂಗಲ್ ಎಲ್ಲಿಡ್ಬೇಕು ಅನ್ನೋಕೆ ಸೂತ್ರ ಇದೆ: ಬಟ್ಟಲಿನ ವ್ಯಾಸದ ವರ್ಗನ ಆಳದ 16 ಪಟ್ಟಿನಿಂದ ಭಾಗಿಸಿ. 30 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಆಳ ಇದ್ರೆ ತಳದಿಂದ 7 ಸೆಂಟಿಮೀಟರ್ ಮೇಲೆ. ಜಾಲರಿ ತೂತಿನ ಮೂಲಕ ತರಂಗ ಸೋರಲ್ವಾ ಅಂದ್ರೆ, ತೂತು ತರಂಗದ ಉದ್ದದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಿದ್ರೆ, ಅಂದ್ರೆ 1.2 ಸೆಂಟಿಮೀಟರ್ ಒಳಗಿದ್ರೆ, ತರಂಗಕ್ಕೆ ಅದು ಹೆಚ್ಚುಕಮ್ಮಿ ಗಟ್ಟಿ ತಗಡೇ. ಬಟ್ಟಲು ಪಕ್ಕಾ ಪ್ಯಾರಾಬೋಲಾ ಆಗಿರದೆ ಅಲ್ಲಲ್ಲಿ ಅರ್ಧ ಸೆಂಟಿಮೀಟರ್ ಓರೆಕೋರೆ ಇದ್ರೂ ನಡೆಯುತ್ತೆ. ಇಷ್ಟು ಸೈಜಿನ ಬಟ್ಟಲು 12ರಿಂದ 14 ಡೆಸಿಬಲ್ ಕೊಡಬಲ್ಲದು.

ಇನ್ನು ಪ್ರಸಿದ್ಧವಾದ ಡಬ್ಬ ಆಂಟೆನಾ. ಒಂದು ಕಡೆ ಮುಚ್ಚಿರೋ ತಗಡಿನ ಡಬ್ಬ, ಅದರ ಪಕ್ಕದಲ್ಲಿ ಒಂದು ತೂತು, ತೂತಲ್ಲಿ ಕನೆಕ್ಟರ್, ಕನೆಕ್ಟರಿಂದ ಒಳಗೆ ನಿಂತಿರೋ ಅದೇ 31 ಮಿಲಿಮೀಟರ್ ತಂತಿ. ನೋಡೋಕೆ ಆಟದ ಸಾಮಾನು, ಆದ್ರೆ ಅಳತೆ ತಪ್ಪಿದ್ರೆ ಇದು ಬರೀ ಡಬ್ಬ. ಟೊಳ್ಳು ಕೊಳವೆ ಒಳಗೆ ತರಂಗ ಹೋಗ್ಬೇಕಂದ್ರೆ ಒಂದು ಕನಿಷ್ಠ ಅಗಲ ಬೇಕು ಅಂತ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ 1897ರಲ್ಲೇ ಗಣಿತದಿಂದ ತೋರಿಸಿದ್ರು, ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಜಗದೀಶ ಚಂದ್ರ ಬೋಸರು ಮಿಲಿಮೀಟರ್ ಅಳತೆಯ ತರಂಗಗಳಿಗೆ ಕೊಳವೆ, ತುತ್ತೂರಿ ಆಕಾರದ ಆಂಟೆನಾ ಮಾಡಿ ಪ್ರಯೋಗದಲ್ಲಿ ಬಳಸಿದ್ರು. ದುಂಡು ಕೊಳವೆ ಒಳಗೆ ಸಾಗಬಲ್ಲ ತರಂಗದ ಉದ್ದದ ಮಿತಿ ಕೊಳವೆ ವ್ಯಾಸದ 1.706 ಪಟ್ಟು, ತರಂಗ ಅದಕ್ಕಿಂತ ಉದ್ದ ಇದ್ರೆ ಒಳಗೆ ಸಾಗಲ್ಲ. ವೈಫೈಗೆ ಲೆಕ್ಕ ಹಾಕಿದ್ರೆ ಡಬ್ಬದ ವ್ಯಾಸ 7.3 ಸೆಂಟಿಮೀಟರಿಗಿಂತ ಜಾಸ್ತಿ ಇರ್ಬೇಕು, 9.3 ದಾಟಿದ್ರೆ ಇನ್ನೊಂದು ಬಗೆಯ ತರಂಗವೂ ಒಳಗೆ ನುಗ್ಗಿ ಗೊಂದಲ ಶುರು. ಉದ್ದ ಕೊಳವೆ ಥರದ ಚಿಪ್ಸ್ ಡಬ್ಬ ಈ ಕೆಲಸಕ್ಕೆ ಹೆಸರುವಾಸಿ ಆಯ್ತು, ಆದ್ರೆ ಅದು ಕೆಳಗಿನ ಗಡಿಗೇ ತಾಗಿಕೊಂಡಿರೋದ್ರಿಂದ ನಾನು ಅದನ್ನ ಯಾರಿಗೂ ಹೇಳಲ್ಲ. 9 ಸೆಂಟಿಮೀಟರ್ ಡಬ್ಬ ಒಳ್ಳೇದು.

ಇಲ್ಲಿ ಒಂದು ಚೆಂದದ ವಿಷಯ ಇದೆ: ಡಬ್ಬದ ಒಳಗೆ ತರಂಗ ಹಿಗ್ಗುತ್ತೆ. ಹೊರಗೆ 12.2 ಇದ್ದದ್ದು 9 ಸೆಂಟಿಮೀಟರ್ ಡಬ್ಬದ ಒಳಗೆ 20 ಸೆಂಟಿಮೀಟರ್ ಆಗುತ್ತೆ. ಹಾಗಾಗಿ ತಂತಿ ನಿಲ್ಲಿಸೋ ಜಾಗ ಮುಚ್ಚಿದ ತಳದಿಂದ 5 ಸೆಂಟಿಮೀಟರ್, ಹೊರಗಿನ ಅಳತೆ ನೆನೆಸ್ಕೊಂಡು 3 ಸೆಂಟಿಮೀಟರಿಗೆ ತೂತು ಹೊಡೆದ್ರೆ ಕೆಟ್ಟಿತು. 5 ಸೆಂಟಿಮೀಟರ್ ಯಾಕಂದ್ರೆ ತಂತಿಯಿಂದ ಹಿಂದಕ್ಕೆ ಹೋದ ತರಂಗ ತಳಕ್ಕೆ ಬಡಿದು ತಿರುಗಿ ಬರುವಾಗ ಸರಿಯಾಗಿ ಮುಂದಕ್ಕೆ ಹೊರಟ ತರಂಗದ ಜೊತೆ ಹೆಜ್ಜೆ ಕೂಡಬೇಕು. ಡಬ್ಬದ ಉದ್ದ 15 ಸೆಂಟಿಮೀಟರ್ ಇದ್ರೆ ಚೆನ್ನ. ಇದರಿಂದ ಸಿಗೋದು 8 ಡೆಸಿಬಲ್ ಆಸುಪಾಸು, ರೂಟರ್ ಜೊತೆ ಬರೋ ಕಡ್ಡಿಯದ್ದು ಸುಮಾರು 2, ವ್ಯತ್ಯಾಸ 6, ಅಂದ್ರೆ ಬಯಲಲ್ಲಿ ಎರಡು ಪಟ್ಟು ದೂರ. ಎರಡೂ ತುದಿಗೆ ಡಬ್ಬ ಇಟ್ರೆ ನಾಲ್ಕು ಪಟ್ಟು.

ಎಲ್ಲಾ ಸರಿ ಮಾಡಿಯೂ ಸಿಗ್ನಲ್ ಬರ್ತಿಲ್ಲ ಅಂದ್ರೆ ಮೊದಲು ಡಬ್ಬನ ಅದರ ಅಕ್ಷದ ಮೇಲೆ 90 ಡಿಗ್ರಿ ಉರುಳಿಸಿ ನೋಡಿ. ಒಂದು ತುದಿಯ ತಂತಿ ನಿಂತಿದ್ದು ಇನ್ನೊಂದು ತುದಿಯದು ಮಲಗಿದ್ರೆ 20 ಡೆಸಿಬಲ್ ತನಕ ಸುಮ್ಮನೆ ಹೋಗುತ್ತೆ. ಆಮೇಲೆ ಎತ್ತರ: ಕಣ್ಣಿಗೆ ಆ ಕಡೆ ಕಂಡ್ರೆ ಸಾಕು ಅಂದ್ಕೋಬೇಡಿ, ಒಂದು ಕಿಲೋಮೀಟರ್ ಲಿಂಕಿಗೆ ನಡುಮಧ್ಯದಲ್ಲಿ ತರಂಗ ಸುತ್ತಲೂ ಐದೂವರೆ ಮೀಟರ್ ಜಾಗ ಬೇಡುತ್ತೆ, ಅದರ ಅರ್ಧಕ್ಕಿಂತ ಜಾಸ್ತಿನಾದ್ರೂ ಖಾಲಿ ಇರ್ಲೇಬೇಕು.

ಎಷ್ಟು ದೂರ ಹೋಗಬಹುದು? 2004ರಲ್ಲಿ ಭದ್ರತಾ ಸಂಶೋಧಕರ ಗುಂಪೊಂದು ದಿಕ್ಕು ಹಿಡಿಯೋ ಆಂಟೆನಾ ಜೋಡಿಸಿ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ದೂರದಲ್ಲಿದ್ದ ಒಂದು ಮಾಮೂಲಿ ಫೋನಿನ ಬ್ಲೂಟೂತ್ ಹಿಡಿದು ತೋರಿಸ್ತು, ಹತ್ತು ಮೀಟರ್ ರೇಂಜ್ ಅಂತ ಹೇಳ್ಕೊಂಡಿದ್ದ ಫೋನು ಅದು, ಅದಕ್ಕೆ ಏನೂ ಮಾರ್ಪಾಡು ಮಾಡಿರ್ಲಿಲ್ಲ. ಒಂದೇ ತುದಿಯ ಆಂಟೆನಾ ಎರಡೂ ಕಡೆಯ ಮಾತು ನಿಭಾಯಿಸ್ತು ನೋಡಿ. ಹತ್ತು ಮೀಟರ್ ಅನ್ನೋದು ಬೇಲಿ ಅಂತ ನಂಬ್ಕೊಂಡು ಬ್ಲೂಟೂತ್ ಬಾಗಿಲು ತೆರೆದಿಡೋದು ಯಾಕೆ ಅಪಾಯ ಅಂತ ಇದ್ರಿಂದ್ಲೇ ಗೊತ್ತಾಗುತ್ತೆ. 2007ರಲ್ಲಿ ವೆನೆಜುವೆಲಾದ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತೆ ಜೊತೆಗಾರರು ಎರಡು ಬೆಟ್ಟಗಳ ಮಧ್ಯೆ 382 ಕಿಲೋಮೀಟರ್ ವೈಫೈ ಲಿಂಕ್ ಮಾಡಿದ್ರು. ಅಷ್ಟು ದೂರಕ್ಕೆ ಭೂಮಿಯ ಉಬ್ಬೇ ಮಧ್ಯದಲ್ಲಿ ಎರಡು ಕಿಲೋಮೀಟರ್ ಎದ್ದು ನಿಲ್ಲುತ್ತೆ, ಅದಕ್ಕೇ ಬೆಟ್ಟ ಬೇಕಾಗಿದ್ದು. ಆಂಟೆನಾ ಸಾಲದೆ ಅಲ್ಲಿ ಸಾಫ್ಟ್‌ವೇರೂ ತಿದ್ದಬೇಕಾಯ್ತು, ಯಾಕಂದ್ರೆ ಬೆಳಕಿನ ವೇಗದಲ್ಲಿ ಹೋದ್ರೂ ಆ ಕಡೆ ಮುಟ್ಟೋಕೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಜಾಸ್ತಿ ಹೊತ್ತು ಬೇಕು, ಮಾಮೂಲಿ ವೈಫೈ 'ಬಂತು' ಅನ್ನೋ ಉತ್ತರಕ್ಕೆ ಅಷ್ಟು ಹೊತ್ತು ಕಾಯೋದೇ ಇಲ್ಲ, ಹೋಗಿಲ್ಲ ಅಂತ ತೀರ್ಮಾನ ಮಾಡಿ ಇನ್ನೊಮ್ಮೆ ಕಳಿಸಿಬಿಡುತ್ತೆ.

ಕಾನೂನು ಮರೀಬಾರದು. ಎಷ್ಟೋ ಕಡೆ ಮಿತಿ ಇರೋದು ರೂಟರ್ ಬಿಡೋ ಪವರ್‌ಗೆ ಮಾತ್ರ ಅಲ್ಲ, ಆಂಟೆನಾ ಒಟ್ಟುಗೂಡಿಸಿ ಆ ದಿಕ್ಕಿಗೆ ಹೋಗೋ ಒಟ್ಟು ಶಕ್ತಿಗೆ, ಯುರೋಪಲ್ಲಿ 2.4 ಗಿಗಾಹರ್ಟ್ಜ್‌ಗೆ ಅದು 100 ಮಿಲಿವ್ಯಾಟ್. ಬಟ್ಟಲು ಕಟ್ಟಿ 14 ಡೆಸಿಬಲ್ ಗಳಿಸಿದ್ರೆ ರೂಟರ್ ಪವರ್ ಅಷ್ಟೇ ಇಳಿಸಬೇಕು, ಇಲ್ದಿದ್ರೆ ಆ ದಾರಿಯಲ್ಲಿರೋ ಬೇರೆಯವರ ವೈಫೈಗೆ ತೊಂದರೆ. ಹಾಗಾದ್ರೆ ಲಾಭ ಏನು ಬಂತು ಅಂದ್ರೆ, ಕೇಳಿಸಿಕೊಳ್ಳೋದಕ್ಕೆ ಯಾವ ಮಿತಿಯೂ ಇಲ್ಲ. ಕಳಿಸೋದು ಮೊದಲಿನಷ್ಟೇ ಇದ್ರೂ ಆ ಕಡೆಯಿಂದ ಬರೋದು 14 ಡೆಸಿಬಲ್ ಚೆನ್ನಾಗಿ ಕೇಳಿಸುತ್ತೆ, ಪಕ್ಕದಿಂದ ಬರೋ ಗಲಾಟೆನೂ ಕಮ್ಮಿ ಆಗುತ್ತೆ, ಆ ತುದಿಗೂ ಬಟ್ಟಲು ಇದ್ರೆ ಎರಡೂ ಕಡೆ ಇದೇ ಲಾಭ. ಬಹಳಷ್ಟು ರೂಟರ್ ಸೆಟ್ಟಿಂಗಲ್ಲಿ ಟ್ರಾನ್ಸ್‌ಮಿಟ್ ಪವರ್ ಅಂತ ಒಂದು ಸಾಲು ಇರುತ್ತೆ, ಆಂಟೆನಾ ಕಟ್ಟಿದ ದಿನವೇ ಅದನ್ನ ಇಳಿಸಿ, ಆಮೇಲೆ ಇನ್ನೊಬ್ಬರು ಫೋನಲ್ಲಿ ಸಿಗ್ನಲ್ ಡೆಸಿಬಲ್ ಓದಿ ಹೇಳ್ತಿರುವಾಗ ಬಟ್ಟಲನ್ನ ಒಂದೊಂದೇ ಡಿಗ್ರಿ ತಿರುಗಿಸ್ತಾ ಹೋಗಿ.