ಓದಿದ್ದೆಲ್ಲ ರೋಗಿಯ ಮುಂದೆ ಎಲ್ಲಿ ಹೋಗುತ್ತದೆ?

ಪ್ರಶ್ನೆ: ಮಂಡ್ಯದಲ್ಲಿ ಎಂ.ಎಸ್. ಜನರಲ್ ಸರ್ಜರಿಯ ಕೊನೆಯ ವರ್ಷದಲ್ಲಿದ್ದೇನೆ. ಬರವಣಿಗೆಯ ಪರೀಕ್ಷೆಗೆ ಹೆದರಿಕೆಯಿಲ್ಲ. ಆದರೆ ಪ್ರಾಯೋಗಿಕದಲ್ಲಿ ಕೇಸ್ ಒಪ್ಪಿಸಲು, ಅಂದರೆ ರೋಗಿಯನ್ನು ನೋಡಿ ಕಂಡದ್ದನ್ನು ಪರೀಕ್ಷಕರಿಗೆ ವಿವರಿಸಲು, ನಿಂತರೆ ನಾಲಿಗೆ ಕಟ್ಟಿಹೋಗುತ್ತದೆ. ಇನ್ನು ಆರು ತಿಂಗಳಿದೆ. ಯಾವ ಪುಸ್ತಕ ಓದಲಿ ಸರ್?

ಉತ್ತರ: ಹೊಸ ಪುಸ್ತಕ ಬೇಡ. ಇರುವವೇ ಹೆಚ್ಚಾಗಿವೆ.

ಮೊದಲು ಅಂಕದ ಲೆಕ್ಕ ಮುಗಿಸಿಬಿಡೋಣ. ಬರವಣಿಗೆಯಲ್ಲಿ ನಾಲ್ಕು ಪತ್ರಿಕೆಗಳು, ತಲಾ 100 ಅಂಕ. ಒಂದೊಂದರಲ್ಲೂ ಕನಿಷ್ಠ ಶೇ 40, ಒಟ್ಟಾರೆ ಶೇ 50 ಬರಬೇಕು. ಪ್ರಾಯೋಗಿಕದಲ್ಲಿ ಪ್ರತ್ಯೇಕವಾಗಿ ಶೇ 50. ಅಲ್ಲಿ ಗಳಿಸಿದ್ದನ್ನು ಇಲ್ಲಿಗೆ ಸಾಲ ತರಲು ಆಗುವುದಿಲ್ಲ. ಹಾಗಾಗಿ ನಿಮ್ಮ ಆತಂಕ ಸರಿಯಾದ ಜಾಗದಲ್ಲೇ ಇದೆ.

ನಾಲಿಗೆ ಕಟ್ಟುವುದು ಪರೀಕ್ಷಕರ ಭಯದಿಂದ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ರೋಗಿಯ ಬಳಿ ಕುಳಿತಾಗ ನಾವು ಅವರ ಕಥೆ ಕೇಳುವ ಬದಲು ರೋಗಿಯ ವಿವರ ಬರೆದುಕೊಳ್ಳುವ ನಮೂನೆಯ ಖಾಲಿ ಜಾಗಗಳನ್ನು ತುಂಬಿಕೊಂಡು ಬರುತ್ತೇವೆ. ಅದನ್ನು ಮಗ್ಗಿಯಂತೆ ಒಪ್ಪಿಸುವಾಗ ಪರೀಕ್ಷಕರು ನಡುವೆ ಒಂದು ಮಾತು ಕೇಳಿದರೆ ಸಾಕು, ಮಗ್ಗಿ ತಪ್ಪುತ್ತದೆ.

ನನಗೆ ಆದದ್ದನ್ನೇ ಹೇಳುತ್ತೇನೆ. ಮೈಸೂರಿನಲ್ಲಿ ಪರೀಕ್ಷೆ. ದೊಡ್ಡ ಕೇಸ್‌ಗೆ ಅರವತ್ತು ದಾಟಿದ ಒಬ್ಬ ಹಿರಿಯರು ಸಿಕ್ಕಿದ್ದರು, ಬಲ ತೊಡೆಸಂದಿನಲ್ಲಿ ಉಬ್ಬು. ಮುಕ್ಕಾಲು ಗಂಟೆ ಬೆವರು ಸುರಿಸಿ ಮೂರು ಹಾಳೆ ಬರೆದಿದ್ದೆ. 'ಉದ್ಯೋಗ: ಕೂಲಿ' ಎಂದು ಓದುತ್ತಿದ್ದಂತೆ ಪರೀಕ್ಷಕರು "ಏನು ಕೂಲಿ?" ಎಂದರು. ನಾನು ಹಾಳೆ ತಿರುವಿದೆ. ಅವರು ನನ್ನನ್ನು ಬಿಟ್ಟು ರೋಗಿಯ ಕಡೆ ತಿರುಗಿ, "ಏನು ಕೆಲಸ ಯಜಮಾನರೇ?" ಎಂದು ಕೇಳಿದರು.

"ಕಬ್ಬು ಕಡಿದು ಲಾರಿಗೆ ಹೊರೆ ಹಾಕುವುದು ಸ್ವಾಮಿ. ಹೋದ ಸಂಕ್ರಾಂತಿಗೆ ನಿಂಬೆಹಣ್ಣಿನಷ್ಟಿತ್ತು. ಈಗ ಹೊರೆ ಎತ್ತಿದರೆ ತೆಂಗಿನಕಾಯಿಯಷ್ಟಾಗುತ್ತದೆ, ಮಲಗಿದರೆ ಮಾಯ."

ಉದ್ಯೋಗ, ಅವಧಿ, ಬೆಳೆದ ಬಗೆ, ಯಾವಾಗ ಹೆಚ್ಚುತ್ತದೆ, ತಾನಾಗಿ ಒಳಗೆ ಹೋಗುತ್ತದೆಯೇ, ಎಲ್ಲವೂ ಬಂತು. ಅರ್ಧ ನಿಮಿಷ ಹಿಡಿಯಲಿಲ್ಲ. ಚಿಕಿತ್ಸೆಯ ನಂತರ ಈ ಮನುಷ್ಯ ಯಾವಾಗ ಮತ್ತೆ ಹೊರೆ ಎತ್ತಬಹುದು ಎಂಬ ಮುಂದಿನ ಪ್ರಶ್ನೆಯೂ ಆ ಮಾತಿನಿಂದಲೇ ಹುಟ್ಟಿತು. ಕೆಮ್ಮು, ಮಲಬದ್ಧತೆ, ಮೂತ್ರ ಮಾಡುವಾಗ ತಿಣುಕುವುದು ಇವೆಯೇ ಎಂದು ಮಾತ್ರ ನಾನು ಕೇಳಿದ್ದೆ, ಏಕೆಂದರೆ ಅವು ನಮೂನೆಯಲ್ಲಿದ್ದವು.

ನಮ್ಮ ಕಡೆಯ ರೋಗಿಗಳು ಕನ್ನಡದಲ್ಲಿ ಹೇಳುತ್ತಾರೆ, ನೀವು ಇಂಗ್ಲಿಷಿನಲ್ಲಿ ಒಪ್ಪಿಸುತ್ತೀರಿ. ಎಡವುವುದು ಈ ದಾರಿಯಲ್ಲಿ. 'ಕಾಲಿನ ನರ ಉಬ್ಬಿದೆ' ಎಂದರೆ ಅದು ವೆರಿಕೋಸ್ ವೇನ್. ಜನರ ಮಾತಿನಲ್ಲಿ ರಕ್ತನಾಳವೂ ನರವೇ. ಇದನ್ನು ನರ್ವ್ ಎಂದು ಬರೆದುಕೊಂಡವರನ್ನು ನಾನು ಕಂಡಿದ್ದೇನೆ. 'ಗ್ಯಾಸ್' ಎಂದರೆ ಎದೆಯುರಿ, ಹೊಟ್ಟೆಯುಬ್ಬರ, ಪಿತ್ತಕೋಶದ ನೋವು ಯಾವುದೂ ಆಗಬಹುದು. ಕೈಯಿಟ್ಟು ತೋರಿಸಿ ಎನ್ನಿ. 'ಸಂಕ್ರಾಂತಿಗೆ', 'ಊರ ಹಬ್ಬಕ್ಕೆ' ಎಂದರೆ ಅಲ್ಲೇ ತಿಂಗಳಿಗೆ ಪರಿವರ್ತಿಸಿ. ನಿಂಬೆಹಣ್ಣನ್ನು ಮಾತ್ರ ಪರೀಕ್ಷಕರವರೆಗೆ ಒಯ್ಯಬೇಡಿ, ಟೇಪು ಹಿಡಿದು ಸೆಂಟಿಮೀಟರಿನಲ್ಲಿ ಹೇಳಿ.

ಇನ್ನು ಕೈಯ ವಿಷಯ. ಆ ಹಿರಿಯರಿಗಿದ್ದಂಥ ಉಬ್ಬು, ಅಂದರೆ ಹರ್ನಿಯಾದಲ್ಲಿ ಡೀಪ್ ರಿಂಗ್ (ತೊಡೆಸಂದಿನ ಒಳಗಿನ ಕಿಂಡಿ) ಒತ್ತಿ ಕೆಮ್ಮಿಸುವ ಪರೀಕ್ಷೆ ಎಲ್ಲರಿಗೂ ಬಾಯಿಪಾಠ. ಬೆರಳು ಎಲ್ಲಿಟ್ಟಿರಿ ಎಂದರೆ ಅರ್ಧದಷ್ಟು ಜನ ತಡವರಿಸುತ್ತಾರೆ. ಸೊಂಟದ ಮೂಳೆಯ ಮುಂಚಾಚಿನಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯ ಗುಬುಟಾದ ಪ್ಯೂಬಿಕ್ ಟ್ಯೂಬರ್ಕಲ್‌ವರೆಗಿನ ಇಂಗ್ವೈನಲ್ ಲಿಗಮೆಂಟಿನ (ತೊಡೆಸಂದಿನ ಗಟ್ಟಿ ಪಟ್ಟಿ) ನಡುಬಿಂದು ಹಿಡಿದು, ಅದಕ್ಕಿಂತ ಅರ್ಧ ಇಂಚು ಮೇಲೆ. ಟ್ಯೂಬರ್ಕಲ್ ಬದಲು ಎರಡೂ ಬದಿಯ ಮೂಳೆ ನಡುವೆ ಕೂಡುವ ಪ್ಯೂಬಿಕ್ ಸಿಂಫಿಸಿಸ್‌ವರೆಗೆ ಅಳೆದರೆ ಸಿಗುವ ನಡುಬಿಂದು ತೊಡೆಯ ಅಪಧಮನಿಯ ಮಿಡಿತದ್ದು. ಎರಡೂ ಅಕ್ಕಪಕ್ಕದ ಜಾಗಗಳು. ಆದರೆ ಹೆಸರು ಅದಲುಬದಲಾದರೆ ಪ್ರಶ್ನೆಗಳು ಬೇರೆ ದಿಕ್ಕು ಹಿಡಿಯುತ್ತವೆ. ಉಬ್ಬನ್ನು ಪೂರ್ತಿ ಒಳಗೆ ಕಳಿಸಿದ ಮೇಲೆಯೇ ಬೆರಳು ಒತ್ತಬೇಕು. ಕೆಮ್ಮಿದಾಗ ಬಾರದಿದ್ದರೆ ಡೀಪ್ ರಿಂಗಿನ ಮೂಲಕ ಬರುವ ಇನ್‌ಡೈರೆಕ್ಟ್, ಬೆರಳಿನ ಒಳಬದಿಯಲ್ಲಿ ಉಬ್ಬಿ ಬಂದರೆ ಹೊಟ್ಟೆಯ ಗೋಡೆಯಿಂದ ನೇರವಾಗಿ ಬರುವ ಡೈರೆಕ್ಟ್. ಈ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ, ಇನ್‌ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳದ ಯಾವ ಕಡೆಗೆ ಹರ್ನಿಯಾದ ಚೀಲವಿದೆ ಎಂಬುದು ಶಸ್ತ್ರಚಿಕಿತ್ಸೆಯಲ್ಲೇ ಖಚಿತ ಎಂದು ನೀವಾಗಿ ಹೇಳಿದರೆ ಪರೀಕ್ಷಕರ ಮುಖ ಸಡಿಲವಾಗುತ್ತದೆ. ಅಷ್ಟಾದ ಮೇಲೆ ಮೆಶ್ (ದುರ್ಬಲ ಜಾಗಕ್ಕೆ ಹಾಕುವ ಬಲೆ) ಎಲ್ಲಿ ಹೊಲಿಯುತ್ತೀರಿ, ಅಲ್ಲೇ ಹಾಯುವ ಇಲಿಯೋಇಂಗ್ವೈನಲ್ ನರವನ್ನು ಹೇಗೆ ಕಾಪಾಡುತ್ತೀರಿ ಎಂಬ ಮಾತು ಬರುತ್ತದೆ. ನೀವೇ ಮಾಡಿದ ಅಥವಾ ಪಕ್ಕದಲ್ಲಿ ನಿಂತು ನೋಡಿದ ಆಪರೇಷನ್ ನೆನೆದು ಹೇಳಿ. ಓದಿದವರಿಗೂ ನೋಡಿದವರಿಗೂ ಇರುವ ವ್ಯತ್ಯಾಸ ಒಂದೇ ವಾಕ್ಯದಲ್ಲಿ ಗೊತ್ತಾಗುತ್ತದೆ.

ಆರು ತಿಂಗಳಲ್ಲಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ವಾರಕ್ಕೆ ಎರಡು ಕೇಸ್, ಗಡಿಯಾರ ಇಟ್ಟುಕೊಂಡು, ನಿಂತುಕೊಂಡು, ಹಾಳೆ ನೋಡದೆ ಒಪ್ಪಿಸಿ. ಕೇಳುವುದಕ್ಕೆ ನಿಮಗಿಂತ ಕಿರಿಯರನ್ನು ಕೂರಿಸಿಕೊಳ್ಳಿ. ಅವರ ಕೆಲಸ ಒಂದೇ, ಸಿಕ್ಕಸಿಕ್ಕಲ್ಲಿ ತಡೆದು 'ಏಕೆ?' ಎನ್ನುವುದು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ರಾತ್ರಿ ಕೇಳಿ. ಮೊದಲ ಸಲ ನಾಚಿಕೆಯಾಗುತ್ತದೆ, ನನಗಂತೂ ಆಗಿತ್ತು. ಥೈರಾಯ್ಡ್, ಸ್ತನದ ಗಂಟು, ಹರ್ನಿಯಾ, ವೆರಿಕೋಸ್ ವೇನ್, ಕಾಮಾಲೆ, ಸಕ್ಕರೆ ಕಾಯಿಲೆಯ ಕಾಲಿನ ಗಾಯ ಇಷ್ಟು ನಾಲಿಗೆಯ ಮೇಲಿದ್ದರೆ ಮುಕ್ಕಾಲು ದಾರಿ ಸಾಗಿದಂತೆ. ಉಪಕರಣ, ಎಕ್ಸ್-ರೇ, ಸ್ಪೆಸಿಮೆನ್ (ತೆಗೆದು ಕಾಪಿಟ್ಟ ಅಂಗದ ಮಾದರಿ) ಮೇಜುಗಳಿಗೆ ಕೊನೆಯ ಒಂದು ತಿಂಗಳು ಸಾಕು. ಉಪಕರಣವನ್ನು ಕೈಯಲ್ಲಿ ಹಿಡಿದು ಕಲಿಯಿರಿ, ಚಿತ್ರ ನೋಡಿ ಅಲ್ಲ.

ಡಿ.ಎನ್.ಬಿ. (ರಾಷ್ಟ್ರೀಯ ಮಂಡಳಿ ನಡೆಸುವ, ಎಂ.ಎಸ್.ಗೆ ಸಮಾನವಾದ ಪರೀಕ್ಷೆ) ಬರೆಯುವ ಗೆಳೆಯರಿದ್ದರೆ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ಪರೀಕ್ಷೆ ನಡೆಸುವವರು ಬೇರೆ, ರೋಗಿಯ ಪಕ್ಕದ ಕೆಲಸ ಬೇರೆಯಲ್ಲ.

ಪರೀಕ್ಷೆಯ ಬೆಳಗ್ಗೆ ರೋಗಿಯ ಬಳಿ ಹೋದ ಕೂಡಲೇ ತಿಂಡಿ ಆಯಿತೇ ಎಂದು ಕೇಳಿ. ಪಾಪ, ಅವರು ನಿಮಗಿಂತ ಮೊದಲೇ ಬಂದು ಮಲಗಿರುತ್ತಾರೆ, ನಿಮ್ಮ ಹಿಂದೆಯೂ ಇನ್ನೊಬ್ಬರು ಬಂದು ಹೊಟ್ಟೆ ಒತ್ತುತ್ತಾರೆ. ಜೇಬಿನಲ್ಲಿ ಟಾರ್ಚು, ಟೇಪು ಇರಲಿ. ಕುತ್ತಿಗೆಯ ಗೆಡ್ಡೆಯ ಕೇಸ್ ಬಂದರೆ, ನುಂಗುವಾಗ ಗೆಡ್ಡೆ ಮೇಲೇರುತ್ತದೆಯೇ ಎಂದು ನೀರು ನುಂಗಿಸಿ ತೋರಿಸಿ ಎನ್ನುತ್ತಾರೆ. ಆಗ ವಾರ್ಡ್ ತುಂಬ ನೀರು ಹುಡುಕಿಕೊಂಡು ಓಡುವ ಬದಲು ಒಂದು ಲೋಟ ನೀರನ್ನು ಮೊದಲೇ ತರಿಸಿ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡಿರಿ.