ತ್ರೋಬ್ಯಾಕ್ ಜೆರ್ಸಿ ಅಂದ್ರೆ ಹಳೇ ಜೆರ್ಸಿ ಅಲ್ಲ

ಮೊನ್ನೆ ನನ್ನ ಫ್ರೆಂಡೊಬ್ಬ ನೇರಳೆ ಬಣ್ಣದ ಬ್ಯಾಸ್ಕೆಟ್‌ಬಾಲ್ ಜೆರ್ಸಿ ಹಾಕ್ಕೊಂಡು ಬಂದಿದ್ದ, ಎದೆ ಮೇಲೆ ಚೆಂಡು ಪುಟಿಸ್ತಿರೋ ಕೆಂಪು ಡೈನೋಸಾರ್, ಬೆನ್ನ ಮೇಲೆ ಕಾರ್ಟರ್, 15. "ಇದು ವಿಂಟೇಜ್ ಪೀಸ್ ಕಣೋ, ಮುಟ್ಬೇಡ" ಅಂದ. ಕಂಕುಳ ಹತ್ರ ಅಂಗಡಿ ಟ್ಯಾಗಿನ ಪ್ಲಾಸ್ಟಿಕ್ ದಾರ ಇನ್ನೂ ನೇತಾಡ್ತಾ ಇತ್ತು. ಅವನು ಸುಳ್ಳು ಹೇಳ್ಲಿಲ್ಲ, ಪದ ತಪ್ಪಾಯ್ತು ಅಷ್ಟೇ. ಅದು ವಿಂಟೇಜ್ ಅಲ್ಲ, ತ್ರೋಬ್ಯಾಕ್. ಈ ಎರಡು ಪದ, ಜೊತೆಗೆ ರೆಟ್ರೋ, ರೆಪ್ಲಿಕಾ, ಆಥೆಂಟಿಕ್, ಸ್ವಿಂಗ್‌ಮ್ಯಾನ್ ಅಂತ ಒಂದು ರಾಶಿ ಪದಗಳನ್ನ ಎಲ್ರೂ ಒಂದೇ ಚೀಲಕ್ಕೆ ತುಂಬ್ತಾರೆ, ಅದಕ್ಕೇ ಇದನ್ನ ಬರೀತಿರೋದು.

ನಮ್ಮ ಮನೆ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಹಿಂಗೆ. ಅಜ್ಜಿ ಮದುವೆ ಸೀರೆ ಟ್ರಂಕಲ್ಲಿ ಇದೆಯಲ್ಲ, ಮಡಿಕೆಯಲ್ಲಿ ಜರಿ ಕಪ್ಪಾಗಿ, ನುಸಿಗುಳಿಗೆ ವಾಸನೆ ಹೊಡೀತಾ, ಅದು ವಿಂಟೇಜ್, ಅಂದ್ರೆ ಆ ಕಾಲದಲ್ಲೇ ಆಗಿದ್ದು. ಅದೇ ಸೀರೆನ ನೇಕಾರರ ಹತ್ರ ತಗೊಂಡೋಗಿ ಇದೇ ಅಂಚು, ಇದೇ ಸೆರಗು, ಇದೇ ಬಣ್ಣ ಬೇಕು ಅಂತ ಹೊಸದಾಗಿ ನೇಯ್ಸಿದ್ರೆ ಅದು ತ್ರೋಬ್ಯಾಕ್. ಸುಮ್ನೆ "ಹಳೇ ಕಾಲದ ಥರ" ಒಂದು ಅಂಚು ಹಾಕಿ ಹೊಸ ಡಿಸೈನ್ ಮಾಡಿದ್ರೆ ರೆಟ್ರೋ. ತ್ರೋಬ್ಯಾಕ್ ಅನ್ನೋ ಇಂಗ್ಲಿಷ್ ಪದಕ್ಕೆ ಮುಂಚಿಂದ ಇನ್ನೊಂದು ಅರ್ಥನೂ ಇದೆ, ಮಗು ಅಪ್ಪ ಅಮ್ಮನ್ನ ಹೋಲದೆ ಯಾವುದೋ ಮುತ್ತಜ್ಜನ್ನ ಹೋಲಿದ್ರೆ ಅದಕ್ಕೆ ಹಂಗೆ ಅಂತಿದ್ರು. ಜೆರ್ಸಿಗೆ ಇದು ಚೆನ್ನಾಗೇ ಒಪ್ಪುತ್ತೆ, ಹುಟ್ಟಿದ್ದು ನಿನ್ನೆ, ಮುಖ ಮಾತ್ರ ಮುತ್ತಜ್ಜಂದು.

ರೆಟ್ರೋಗೂ ತ್ರೋಬ್ಯಾಕ್‌ಗೂ ಇರೋ ವ್ಯತ್ಯಾಸ ನಮ್ಮ ಕ್ರಿಕೆಟ್ಟಲ್ಲೇ ನೋಡಿದ್ದೀವಿ. 2020ರ ನವೆಂಬರಲ್ಲಿ ಕೆ.ಎಲ್. ರಾಹುಲ್ ಎಲ್ಲ ಆಸ್ಟ್ರೇಲಿಯಾದಲ್ಲಿ ಹಾಕಿದ್ದ ಕಡುನೀಲಿ ಜೆರ್ಸಿ, ಭುಜದ ಮೇಲೆ ಬಣ್ಣದ ಪಟ್ಟಿ ಇದ್ದಿದ್ದು, 1992ರ ವರ್ಲ್ಡ್ ಕಪ್ಪಲ್ಲಿ ನಮ್ಮ ಶ್ರೀನಾಥ್ ಇದ್ದ ಟೀಮಿನ ಜೆರ್ಸಿಯನ್ನ ನೆನಪಿಸೋ ಹಂಗೆ ಮಾಡಿದ್ದು. ಆದ್ರೆ ಅಚ್ಚು ಇಳಿಸಿದಂಗೆ ಅದೇ ಅಲ್ಲ, ಸ್ಪಾನ್ಸರ್ ಹೆಸರು ಬೇರೆ, ಬಟ್ಟೆನೇ ಬೇರೆ. ಅದು ರೆಟ್ರೋ. ತ್ರೋಬ್ಯಾಕ್ ಅಂತ ಕರೆಸ್ಕೋಬೇಕಂದ್ರೆ ಒಂದು ನಿರ್ದಿಷ್ಟ ವರ್ಷಕ್ಕೆ ಅದು ಉತ್ತರ ಕೊಡ್ಬೇಕು.

ಈ ವರ್ಷ ಅನ್ನೋದೇ ಇಡೀ ವಿಷಯದ ಜೀವ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತನ್ನ ಹಳೇ ಜೆರ್ಸಿಗಳ ಮರುತಯಾರಿಗೆ ಹಾರ್ಡ್‌ವುಡ್ ಕ್ಲಾಸಿಕ್ಸ್ ಅಂತ ಹೆಸರಿಟ್ಟಿದೆ (ಹಾರ್ಡ್‌ವುಡ್ ಅಂದ್ರೆ ಅಂಕಣದ ಮರದ ನೆಲ, ಮೇಪಲ್ ಮರದ್ದು), ಅವುಗಳ ಅಂಚಲ್ಲಿರೋ ಟ್ಯಾಗ್ ಮೇಲೆ ಸಾಮಾನ್ಯವಾಗಿ ಸೀಸನ್ ಹೊಲಿದಿರ್ತಾರೆ, 1996-97 ಅಂತಲೋ 1985-86 ಅಂತಲೋ. ಗೊತ್ತಿರೋರು ಮೊದಲು ನೋಡೋದು ಅದನ್ನೇ. ಆಟಗಾರ ಕೋಬಿ ಬ್ರಯಂಟ್ 2006ರ ತನಕ ಹಾಕಿದ್ದು 8ನೇ ನಂಬರ್, ಆಮೇಲೆ 24, ಹಂಗಾಗಿ 24ರ ಮೇಲೆ 1996-97 ಅಂತ ಇದ್ರೆ ಅದು ಯಾರದ್ದೋ ಕಲ್ಪನೆ. 1996-97 ಎನ್‌ಬಿಎಗೆ 50 ತುಂಬಿದ ಸೀಸನ್, ಆ ವರ್ಷ ಜೆರ್ಸಿ ಮೇಲಿನ ಲೀಗಿನ ಲೋಗೋ ಬಂಗಾರದ ಬಣ್ಣದಲ್ಲಿತ್ತು, ಸರಿಯಾದ ಮರುತಯಾರಿಯಲ್ಲಿ ಅದೂ ಇರ್ಬೇಕು. ನನ್ನ ಫ್ರೆಂಡಿನ ಡೈನೋಸಾರ್ ಕಥೆನೂ ಅಷ್ಟೇ. ಟೊರೊಂಟೊ ರ‍್ಯಾಪ್ಟರ್ಸ್ ಆ ಡಿಸೈನ್ ಹಾಕಿದ್ದು 1995ರಿಂದ, ವಿನ್ಸ್ ಕಾರ್ಟರ್ ಬಂದಿದ್ದು 1998ರ ಡ್ರಾಫ್ಟಲ್ಲಿ (ಟೀಮುಗಳು ಹೊಸ ಆಟಗಾರರನ್ನ ಆರಿಸ್ಕೊಳ್ಳೋದು), 1999ರಲ್ಲಿ ಟೀಮು ಡಿಸೈನೇ ಬದಲಾಯಿಸ್ತು. ಅಂದ್ರೆ ಆ ದೊಡ್ಡ ಡೈನೋಸಾರ್ ಜೊತೆ ಕಾರ್ಟರ್ ಆಡಿದ್ದು ಒಂದೇ ಒಂದು ಸೀಸನ್, ಟ್ಯಾಗ್ ಮೇಲೆ 1998-99 ಬಿಟ್ಟು ಬೇರೆ ಏನಿದ್ರೂ ತಪ್ಪು.

ಈಗ ರೆಪ್ಲಿಕಾ. ನಮ್ಮ ಕಡೆ ರೆಪ್ಲಿಕಾ ಅಂದ ತಕ್ಷಣ ಡೂಪ್ಲಿಕೇಟ್ ಅನ್ಕೋತಾರೆ, ಹಂಗಲ್ಲ. ಲೈಸೆನ್ಸ್ ಇರೋ ಕಂಪನಿನೇ ಅಭಿಮಾನಿಗಳಿಗೆ ಅಂತ ಮಾಡೋ ಸರಳ ಆವೃತ್ತಿ ರೆಪ್ಲಿಕಾ, ಹೆಸರು ನಂಬರ್ ಎಲ್ಲ ಪ್ರಿಂಟ್ ಹೊಡೆದಿರ್ತಾರೆ. ಆಥೆಂಟಿಕ್ ಅಂದ್ರೆ ಆಟಗಾರ ಅಂಕಣದಲ್ಲಿ ಹಾಕಿದ್ದಕ್ಕೆ ಬಟ್ಟೆ, ಹೊಲಿಗೆ, ಅಳತೆ ಎಲ್ಲದರಲ್ಲೂ ಆದಷ್ಟು ಹತ್ತಿರ ಇರೋದು. ಅದರಲ್ಲಿ ನಂಬರನ್ನ ಗಟ್ಟಿ ಟ್ವಿಲ್ ಬಟ್ಟೆಯಿಂದ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ಅಂಚಿಗೆ ಒತ್ತಾಗಿ ಹೊಲಿಗೆ ಹಾಕಿರ್ತಾರೆ, ಕೌದಿ ಹೊಲಿಯೋದು ನೋಡಿರೋರಿಗೆ ಬಿಡಿಸಿ ಹೇಳೋದು ಬೇಡ. ಬೆರಳಾಡಿಸಿದ್ರೆ ಉಬ್ಬು ಸಿಗುತ್ತೆ. ಇವೆರಡರ ನಡುವಿಂದು ಸ್ವಿಂಗ್‌ಮ್ಯಾನ್. ಆಟದಲ್ಲಿ ಸ್ವಿಂಗ್‌ಮ್ಯಾನ್ ಅಂದ್ರೆ ಗಾರ್ಡ್ ಜಾಗದಲ್ಲೂ ಫಾರ್ವರ್ಡ್ ಜಾಗದಲ್ಲೂ ಆಡೋನು, ಈ ಜೆರ್ಸಿನೂ ಹಂಗೇ, ಆ ಕಡೆನೂ ಅಲ್ಲ ಈ ಕಡೆನೂ ಅಲ್ಲ. ನನ್ನ ಕೇಳಿದ್ರೆ ಹಾಕ್ಕೊಂಡು ಓಡಾಡೋಕೆ ಅದೇ ಸಾಕು, ಆಥೆಂಟಿಕ್ ದುಡ್ಡಿಗೆ ಒಂದು ಒಳ್ಳೇ ಜೊತೆ ಶೂನೇ ಬರುತ್ತೆ.

ರೆಪ್ಲಿಕಾ ನಿಜವಾದ ಆಟಕ್ಕೆ ಬೇಕಾಗಿ ಬಂದ ಒಂದು ದಿನನೂ ಇದೆ. 1990ರ ಫೆಬ್ರವರಿ 14, ಒರ್ಲ್ಯಾಂಡೊದಲ್ಲಿ ಮ್ಯಾಚಿಗೆ ಮುಂಚೆ ಮೈಕೆಲ್ ಜೋರ್ಡನ್‌ನ 23ನೇ ನಂಬರ್ ಜೆರ್ಸಿ ಕಳುವಾಯ್ತು. ಅಭಿಮಾನಿ ಒಬ್ಬರ ರೆಪ್ಲಿಕಾ ತಂದು ಹಾಕ್ಸಿ ನೋಡಿದ್ರು, ಅಳತೆ ಕೂಡ್ಲಿಲ್ಲ. ಕೊನೆಗೆ ಟೀಮಿನವರ ಹತ್ರ ಇದ್ದ ಹೆಸರಿಲ್ಲದ 12ನೇ ನಂಬರ್ ಜೆರ್ಸಿ ಹಾಕ್ಕೊಂಡು ಆಡಿದ, 49 ಪಾಯಿಂಟ್ ಹೊಡೆದ, ಆದ್ರೂ ಟೀಮ್ ಸೋತಿತು. ಆ ಒಂದು ರಾತ್ರಿಯ 12ಕ್ಕೂ ಈಗ ತ್ರೋಬ್ಯಾಕ್ ಸಿಗುತ್ತೆ, ಬೆನ್ನು ಖಾಲಿ ಇರೋದು!

ಈ ಧಂದೆ ಶುರುವಾಗಿದ್ದು ಬ್ಯಾಸ್ಕೆಟ್‌ಬಾಲಿಂದ ಅಲ್ಲ, ಬೇಸ್‌ಬಾಲಿಂದ. ಫಿಲಡೆಲ್ಫಿಯಾದಲ್ಲಿ ಮಿಚೆಲ್ ಅಂಡ್ ನೆಸ್ ಅಂತ 1904ರ ಆಟದ ಸಾಮಾನಿನ ಅಂಗಡಿ, ಮೊದಲು ಟೆನಿಸ್ ರ‍್ಯಾಕೆಟ್ಟು, ಗಾಲ್ಫ್ ಸಾಮಾನು. 80ರ ದಶಕದಲ್ಲಿ ಗಿರಾಕಿ ಒಬ್ಬರು ಹರಿದ ಹಳೇ ಉಣ್ಣೆ ಬೇಸ್‌ಬಾಲ್ ಶರ್ಟು ರಿಪೇರಿಗೆ ತಂದ್ರು. ಮಾಲೀಕ ಪೀಟರ್ ಕಪೊಲಿನೊ ಅದೇ ಥರದ ಬಟ್ಟೆ ಹುಡುಕ್ಕೊಂಡು ಹೋದ್ರೆ ಊರಿನ ಗೋದಾಮೊಂದರಲ್ಲಿ ಹಳೇ ಫ್ಲಾನಲ್ ಸಾವಿರಾರು ಗಜ ಸುಮ್ನೆ ಬಿದ್ದಿತ್ತು, ಅಲ್ಲಿಂದ ಹಳೇ ಜೆರ್ಸಿಗಳನ್ನ ಹೊಸದಾಗಿ ಹೊಲಿಯೋ ಹುಚ್ಚು ಹತ್ತಿತು. ಮೊದಮೊದಲು ತಗೋತಿದ್ದೋರು ನಡುವಯಸ್ಸಿನ ಬೇಸ್‌ಬಾಲ್ ಪ್ರೇಮಿಗಳು. ಆಮೇಲೆ ಎನ್‌ಬಿಎ ಜೆರ್ಸಿಗಳು ಸೇರಿದ ಮೇಲೆ 2000ದ ಆಸುಪಾಸು ರ‍್ಯಾಪ್ ಹಾಡುಗಾರರು ಎರಡು ಮೂರು ಸೈಜ್ ದೊಡ್ಡದು ಹಾಕ್ಕೊಂಡು ವಿಡಿಯೋಗಳಲ್ಲಿ ಬರೋಕೆ ಶುರು ಮಾಡಿದ್ರು ನೋಡಿ, ಅಲ್ಲಿಗೆ ಕಥೆನೇ ಬೇರೆ ಆಯ್ತು. ಅಂಗಿ ಹೊಸದು, ನೆನಪು ತಮ್ಮದಲ್ಲ, ತಾವು ಹುಟ್ಟೋ ಮುಂಚೆ ಆಡಿದ ಆಟಗಾರನ ಹೆಸರು ಬೆನ್ನ ಮೇಲೆ. 2003ರಲ್ಲಿ ಜೇ-ಝೀ ತನ್ನ ಹಾಡಲ್ಲೇ ನನಗೆ ಮೂವತ್ತು ದಾಟ್ತು, ಜೆರ್ಸಿ ಸಾಕು, ಗುಂಡಿ ಅಂಗಿ ಕೊಡಿ ಅನ್ನೋ ಅರ್ಥದಲ್ಲಿ ಹೇಳಿದ ಮೇಲೆ ಆ ಅಲೆ ಇಳೀತು. 2005ರಲ್ಲಿ ಎನ್‌ಬಿಎ ಡ್ರೆಸ್ ಕೋಡ್ ತಂದು, ಟೀಮಿನ ಕೆಲಸದಲ್ಲಿರುವಾಗ ಆಟಗಾರರು ಇಂಥ ಜೆರ್ಸಿ ಹಾಕ್ಕೊಂಡು ಬರಬಾರದು ಅಂತು. ಜನಕ್ಕೆ ಮಾರೋದು ಅದೇ ಲೀಗು, ಆಟಗಾರರಿಗೆ ಬೇಡ ಅನ್ನೋದೂ ಅದೇ ಲೀಗು! ತಮಾಷೆ ಅಂದ್ರೆ 2022ರಲ್ಲಿ ಮಿಚೆಲ್ ಅಂಡ್ ನೆಸ್ ಕೊಂಡ ಫ್ಯಾನಟಿಕ್ಸ್ ಅನ್ನೋ ಕಂಪನಿ ಜೊತೆ ದುಡ್ಡು ಹಾಕಿದವರಲ್ಲಿ ಜೇ-ಝೀನೂ ಒಬ್ಬ.

ಜಾಕೆಟ್ ಬಗ್ಗೆ ಎರಡು ಮಾತು. (ನಮ್ಮಜ್ಜಿಗೆ ಜಾಕೀಟು ಅಂದ್ರೆ ರವಿಕೆ, ಅದಲ್ಲ.) ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ವಾರ್ಮ್‌ಅಪ್ ಜಾಕೆಟ್, ಆಟಗಾರರು ಬೆಂಚಲ್ಲಿ ಕೂತಾಗ ಮೈ ಬೆಚ್ಚಗಿರ್ಲಿ ಅಂತ ಹಾಕೋದು, ಮುಂದೆ ಸಾಲಾಗಿ ಟಿಚ್ ಬಟನ್ ಇದ್ರೆ ಕೋಚ್ ಕರೆದ ತಕ್ಷಣ ಪಟಪಟ ಅಂತ ಕಿತ್ತು ಬಿಸಾಕಿ ಓಡ್ಬಹುದು. ಇನ್ನೊಂದು ಹೊಳೆಯೋ ಸ್ಯಾಟಿನ್ ಜಾಕೆಟ್, ಕುತ್ತಿಗೆ ಮಣಿಕಟ್ಟಲ್ಲಿ ಹೆಣೆದ ಪಟ್ಟಿ, ಬೆನ್ನ ಮೇಲೆ ಟೀಮಿನ ಹೆಸರು. ಇದನ್ನ ಅಮೆರಿಕದಲ್ಲಿ ಮನೆಮಾತು ಮಾಡಿದ್ದು 1971ರಲ್ಲಿ ನ್ಯೂ ಹೇವನ್‌ನಲ್ಲಿ ಶುರುವಾದ ಸ್ಟಾರ್ಟರ್ ಕಂಪನಿ. 90ರ ಹೊತ್ತಿಗೆ ಅದಕ್ಕೆ ಎಷ್ಟು ಬೇಡಿಕೆ ಅಂದ್ರೆ ಜಾಕೆಟ್ಟಿಗಾಗಿ ಹುಡುಗರನ್ನ ಬೀದಿಯಲ್ಲಿ ತಡೆದು ದರೋಡೆ ಮಾಡ್ತಿದ್ರು, ಅಂಥಾ ಕಂಪನಿ 1999ರಲ್ಲಿ ದಿವಾಳಿ ಆಯ್ತು. ಈಗ ಸಿಗೋದು ಅದೇ ಹೆಸರಿನ, ಅದೇ ಕಟ್ಟಿನ ಮರುತಯಾರಿಗಳು.

ನನಗಂತೂ ಈ ತ್ರೋಬ್ಯಾಕ್‌ಗಳಲ್ಲಿ ತುಂಬಾ ಹಿಡಿಸೋದು ಇಲ್ಲದ ಟೀಮುಗಳದ್ದು. ಸಿಯಾಟಲ್ ಸೂಪರ್‌ಸಾನಿಕ್ಸ್ 2008ರಲ್ಲಿ ಒಕ್ಲಹೋಮಕ್ಕೆ ಹೋಯ್ತು, ವ್ಯಾಂಕೂವರ್ ಗ್ರಿಜ್ಲೀಸ್ 2001ರಲ್ಲಿ ಮೆಂಫಿಸ್‌ಗೆ. ಟೀಮು ಊರು ಬಿಟ್ಟೋಯ್ತು, ಆದ್ರೂ ಸಿಯಾಟಲ್ ಜನ ಹಸಿರು ಹಳದಿ ಜೆರ್ಸಿ ಹಾಕೋದು ಬಿಟ್ಟಿಲ್ಲ. ಅಲ್ಲಿ ಅದು ಫ್ಯಾಷನ್ನೂ ಹೌದು, ಒಂದು ದೂರೂ ಹೌದು.

ಇನ್ನು ನಮ್ಮೂರಲ್ಲಿ "ಫಸ್ಟ್ ಕಾಪಿ" ಅಂತ ಮಾರ್ತಾರಲ್ಲ, ಅದು ಮೇಲೆ ಹೇಳಿದ ಯಾವ ಗುಂಪಿಗೂ ಸೇರಲ್ಲ, ಲೈಸೆನ್ಸ್ ಇಲ್ಲದ ನಕಲು ಅದು. ತಗೊಳ್ಳೋದು ಬಿಡೋದು ನಿಮ್ಮಿಷ್ಟ. ಯಾವುದೇ ತಗೊಳ್ಳಿ, ಒಗೆಯುವಾಗ ಒಳಮುಖ ಮಾಡಿ ತಣ್ಣೀರಲ್ಲಿ ಹಾಕಿ, ನೆರಳಲ್ಲಿ ಒಣಗಿಸಿ, ನಂಬರ್ ಮೇಲೆ ಇಸ್ತ್ರಿ ಪೆಟ್ಟಿಗೆ ಇಡೋಕೆ ಹೋಗ್ಬೇಡಿ. ನನ್ನ ಫ್ರೆಂಡಿನ ಟ್ಯಾಗು ತಿರುಗಿಸಿ ನೋಡಿದೆ, 1998-99 ಅಂತಲೇ ಇತ್ತು.