ನ್ಯಾಯಾಲಯಕ್ಕೆ ಎಷ್ಟು ದೂರ? ನ್ಯಾಯ ಸಿಗುವ ದಾರಿ ಮತ್ತು ಕಾನೂನು ಸೇವೆಯ ಸುಧಾರಣೆ ಕುರಿತ ಅಧ್ಯಯನ ಟಿಪ್ಪಣಿ

ಮಂಗಳೂರಿನಲ್ಲಿ ಸಂಜೆ ಹೊತ್ತು ಒಟ್ಟಿಗೆ ಕುಳಿತು ಕಾನೂನು ಓದುವ ನಮ್ಮ ಗುಂಪಿಗಾಗಿ ಬರೆದ ಟಿಪ್ಪಣಿ ಇದು. ಈ ವಿಷಯದ ಮೇಲೆ ಉತ್ತರ ಬರೆಯುವಾಗ ನಮ್ಮಲ್ಲಿ ಬಹುತೇಕರು ಸಂವಿಧಾನದ 39ಎ ವಿಧಿಯಿಂದ ಹೊರಟು, ಉಚಿತ ಕಾನೂನು ನೆರವನ್ನು ಹೊಗಳಿ, ಲೋಕ ಅದಾಲತ್ತಿನ ಲಾಭಗಳನ್ನು ಎಣಿಸಿ ಮುಗಿಸುತ್ತೇವೆ. ಅದು ತಪ್ಪಲ್ಲ, ಆದರೆ ನ್ಯಾಯ ಕೇಳಿ ಬಂದವನಿಗೆ ಎಲ್ಲಿ ಅಡ್ಡಿಯಾಗುತ್ತದೆ ಎಂಬುದು ಅಂಥ ಉತ್ತರದಲ್ಲಿ ಕಾಣಿಸುವುದಿಲ್ಲ.

39ಎ ವಿಧಿ 1976ರ 42ನೇ ತಿದ್ದುಪಡಿಯಿಂದ ಬಂದದ್ದು. ಅದು ನಿರ್ದೇಶಕ ತತ್ವವಾದ್ದರಿಂದ ಅದೊಂದನ್ನೇ ಹಿಡಿದು ನ್ಯಾಯಾಲಯದ ಮೆಟ್ಟಿಲೇರಲು ಬರುವುದಿಲ್ಲ. ಅದಕ್ಕೆ ಬಲ ತುಂಬಿದ್ದು ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯ ವ್ಯಾಖ್ಯಾನ. 2016ರ ಅನಿತಾ ಕುಶ್ವಾಹ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ನ್ಯಾಯ ಪಡೆಯುವ ಅವಕಾಶವನ್ನು 14 ಮತ್ತು 21ನೇ ವಿಧಿಗಳಡಿ ಮೂಲಭೂತ ಹಕ್ಕೆಂದು ಹೇಳಿ, ಅದರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿತು: ತೀರ್ಮಾನ ನೀಡಬಲ್ಲ ವ್ಯವಸ್ಥೆ ಇರಬೇಕು, ಅದು ತಲುಪುವಷ್ಟು ಹತ್ತಿರವಿರಬೇಕು, ತೀರ್ಮಾನ ಬೇಗ ಆಗಬೇಕು, ವೆಚ್ಚ ಕೈಗೆಟುಕಬೇಕು. ಯಾವ ಸುಧಾರಣೆಯನ್ನಾದರೂ ಈ ನಾಲ್ಕರ ಮೇಲೆ ಒರೆಗೆ ಹಚ್ಚಿ ನೋಡಬಹುದು. ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸಿದ ಉದಾಹರಣೆ ನಮ್ಮ ಜಿಲ್ಲೆಗಳ ಚರಿತ್ರೆಯಲ್ಲೇ ಇದೆ.

ಅದು ಭೂನ್ಯಾಯ ಮಂಡಳಿಯ ಉದಾಹರಣೆ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿದಾರರ ಅರ್ಜಿಗಳನ್ನು ಸಿವಿಲ್ ನ್ಯಾಯಾಲಯದ ಕೈಯಿಂದ ತೆಗೆದು, ತಾಲೂಕು ಮಟ್ಟದ ಮಂಡಳಿಗಳಿಗೆ ಒಪ್ಪಿಸಲಾಯಿತು. ಕಂದಾಯ ಅಧಿಕಾರಿಯ ಅಧ್ಯಕ್ಷತೆ, ನಾಮನಿರ್ದೇಶಿತ ಸದಸ್ಯರು, ಸರಳ ವಿಧಾನ. ಅದಕ್ಕೂ ಮೇಲೆ, 48(8)ನೇ ಕಲಮಿನ ಪ್ರಕಾರ ವಕೀಲರಿಗೆ ಪ್ರವೇಶವೇ ಇಲ್ಲ. ಧಣಿ ದೊಡ್ಡ ವಕೀಲರನ್ನು ಕರೆತಂದರೆ ಒಕ್ಕಲು ಏನು ಮಾಡಬೇಕು ಎಂಬ ತರ್ಕ ಅದರ ಹಿಂದೆ ಇದ್ದಂತೆ ತೋರುತ್ತದೆ. ಆದರೆ ಮಂಡಳಿಯ ಆದೇಶದ ಮೇಲೆ ಮೊದಲಿಗೆ ಮೇಲ್ಮನವಿಯ ಅವಕಾಶ ಇರಲಿಲ್ಲ. ಸೋತವರು ರಿಟ್ ಅರ್ಜಿ ಹಿಡಿದು ಬೆಂಗಳೂರಿನ ಹೈಕೋರ್ಟಿಗೇ ಹೋಗಬೇಕಿತ್ತು. ತಾಲೂಕಿಗೆ ಇಳಿದುಬಂದಿದ್ದ ನ್ಯಾಯ ಎರಡನೆಯ ಹೆಜ್ಜೆಗೆ ಘಟ್ಟ ಹತ್ತಿ ಕುಳಿತಿತು. ವಕೀಲರ ಮೇಲಿನ ನಿಷೇಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಅಸಿಂಧುಗೊಳಿಸಿತು. ಸಂಸತ್ತು ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯನ್ನು ಅಂಗೀಕರಿಸಿದ್ದೂ ಅದೇ 1987ರಲ್ಲಿ ಎಂಬುದನ್ನು ಜೊತೆಗಿಟ್ಟು ನೆನಪಿಡಿ. ಬಡವನಿಗೆ ವಕೀಲನಿಲ್ಲ ಎಂಬ ಒಂದೇ ಕೊರತೆಗೆ ಒಂದು ಕಾನೂನು ಇಬ್ಬರಿಗೂ ವಕೀಲ ಬೇಡ ಎಂದಿತು, ಇನ್ನೊಂದು ಬಡವನಿಗೂ ವಕೀಲನನ್ನು ಕೊಡುತ್ತೇವೆ ಎಂದಿತು. ಎರಡನೆಯದೇ ಸರಿ ಎಂದು ನನ್ನ ಅಭಿಪ್ರಾಯ, ಆದರೆ ಅದು ಜಾರಿಗೆ ಬರಲು 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು.

ಉಚಿತ ನೆರವಿಗೆ ಯಾರು ಅರ್ಹರೆಂದು ಹೇಳುವ ಈ ಕಾಯ್ದೆಯ 12ನೇ ಕಲಮನ್ನು ಬಾಯಿಪಾಠ ಮಾಡುವುದಕ್ಕಿಂತ ಒಬ್ಬರ ಮೇಲೆ ಅನ್ವಯಿಸಿ ನೋಡುವುದು ಒಳ್ಳೆಯದು. ಬಂಟ್ವಾಳದ ಕಡೆ ಬೀಡಿ ಕಟ್ಟುವ ಒಬ್ಬ ಮಹಿಳೆ ಜೀವನಾಂಶ ಕೇಳಿ ಬರುತ್ತಾರೆ ಎಂದಿಟ್ಟುಕೊಳ್ಳಿ. ಮಹಿಳೆ ಎಂಬ ಕಾರಣಕ್ಕೇ ಅವರು ಅರ್ಹರು. ಆದಾಯ ಮಿತಿ ಅವರಿಗೆ ಅನ್ವಯಿಸುವುದಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಕೂಡ ಹೀಗೆಯೇ. ವಕೀಲರ ಶುಲ್ಕವನ್ನು, ಕೋರ್ಟ್ ಫೀಯನ್ನು, ನಕಲಿನ ಖರ್ಚನ್ನು ಪ್ರಾಧಿಕಾರ ನೋಡಿಕೊಳ್ಳುತ್ತದೆ. ಆದರೆ ಪ್ರತಿ ವಾಯಿದೆಗೆ ಬಂದು ಹೋಗುವ ದಿನ ಅವರು ಕಟ್ಟದೆ ಉಳಿಯುವ ಬೀಡಿಯ ಲೆಕ್ಕ ಯಾರ ಕಡತದಲ್ಲೂ ಇರುವುದಿಲ್ಲ. ವಾಯಿದೆಗಳ ಸಂಖ್ಯೆ ಕಡಿಮೆಯಾಗದೆ ಕಾನೂನು ನೆರವು ಪೂರ್ಣವಾಗಿ ಉಚಿತವಾಗುವುದಿಲ್ಲ. ಆದ್ದರಿಂದಲೇ ನ್ಯಾಯಾಲಯದ ಸುಧಾರಣೆ ಮತ್ತು ಕಾನೂನು ಸೇವೆಯ ಸುಧಾರಣೆಯನ್ನು ಬೇರೆ ಬೇರೆ ಅಧ್ಯಾಯಗಳಾಗಿ ಓದಬಾರದು.

ಕ್ರಿಮಿನಲ್ ಪ್ರಕರಣಗಳಲ್ಲಿ ತತ್ವ ಇನ್ನೂ ಬಿಗಿಯಾಗಿದೆ. 1979ರ ಹುಸೈನಾರಾ ಖಾತೂನ್, 1981ರ ಖಾತ್ರಿ, 1986ರ ಸುಖ್ ದಾಸ್ ತೀರ್ಪುಗಳನ್ನು ಇದೇ ಕ್ರಮದಲ್ಲಿ ಓದಿದರೆ ಆರೋಪಿಗೆ ಉಚಿತ ವಕೀಲರ ನೆರವಿನ ಹಕ್ಕು ಬೆಳೆದ ದಾರಿ ತಿಳಿಯುತ್ತದೆ: ಕೊನೆಯದರಲ್ಲಿ, ಆರೋಪಿ ನೆರವು ಕೇಳಲಿಲ್ಲ ಎಂಬುದು ನೆಪವಾಗಲಾರದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. 2022ರಲ್ಲಿ ರೂಪಿಸಿದ ಕಾನೂನು ನೆರವು ರಕ್ಷಣಾ ವಕೀಲರ ಯೋಜನೆಯಲ್ಲಿ ಪ್ಯಾನಲ್ ವಕೀಲರ (ಖಾಸಗಿ ವೃತ್ತಿಯ ಜೊತೆಗೆ ನೆರವಿನ ಪ್ರಕರಣ ನಡೆಸುವವರ) ಬದಲು ಪೂರ್ಣಾವಧಿ ವಕೀಲರನ್ನು ನೇಮಿಸಲಾಗುತ್ತದೆ. ಇದು ಕ್ರಿಮಿನಲ್ ಪ್ರಕರಣಗಳಿಗೆ ಮಾತ್ರ ಎಂಬುದನ್ನು ಮರೆಯಬೇಡಿ.

ವಿಳಂಬಕ್ಕೆ ನ್ಯಾಯಾಧೀಶರ ಕೊರತೆಯೇ ಕಾರಣ ಎಂದು ಬರೆದು ಮುಂದೆ ಹೋಗುವುದು ಸುಲಭ. ಕಾನೂನು ಆಯೋಗ 1987ರಲ್ಲೇ ಹತ್ತು ಲಕ್ಷ ಜನರಿಗೆ 50 ನ್ಯಾಯಾಧೀಶರು ಬೇಕೆಂದಿತ್ತು; ದೇಶ ಇನ್ನೂ ಅದರ ಹತ್ತಿರಕ್ಕೂ ಬಂದಿಲ್ಲ. ಆದರೆ ಉಡುಪಿ, ಮಂಗಳೂರಿನ ಪಾಲು ದಾವೆಯೊಂದರ ಕಡತವನ್ನು ಬಿಡಿಸಿ ನೋಡಿದರೆ ಬೇರೆ ಕಾರಣಗಳೂ ಸಿಗುತ್ತವೆ. ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಇಳಿಯುವ) ಕುಟುಂಬ, ಹಲವು ಕವರುಗಳು ಅಂದರೆ ಶಾಖೆಗಳು, ಹತ್ತಾರು ಪ್ರತಿವಾದಿಗಳು, ಅವರಲ್ಲಿ ಅರ್ಧ ಮಂದಿ ಮುಂಬಯಿಯಲ್ಲಿ. ಎಲ್ಲರಿಗೂ ಸಮನ್ಸ್ ಜಾರಿಯಾಗುವಷ್ಟರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಅವರ ವಾರಸುದಾರರನ್ನು ಕಡತಕ್ಕೆ ತರಬೇಕು, ಅವರಿಗೂ ಸಮನ್ಸ್ ಹೋಗಬೇಕು. ಇಷ್ಟೆಲ್ಲ ದಾಟಿ ಪ್ರಾಥಮಿಕ ಡಿಕ್ರಿ ಬಂದಾಗ ಮನೆಯವರು ಪಾಲು ಸಿಕ್ಕಿತೆಂದುಕೊಳ್ಳುತ್ತಾರೆ. ಸಿಕ್ಕಿರುವುದು ಯಾರಿಗೆ ಎಷ್ಟು ಪಾಲೆಂಬ ಭಿನ್ನರಾಶಿ ಮಾತ್ರ. ಜಾಗ ಅಳೆದು ಗಡಿ ಹಾಕಿಸಿಕೊಳ್ಳಲು ಅಂತಿಮ ಡಿಕ್ರಿಗಾಗಿ ಪ್ರತ್ಯೇಕ ಅರ್ಜಿ, ಕಮಿಷನರ್ ನೇಮಕ, ವರದಿ, ಅದಕ್ಕೆ ಆಕ್ಷೇಪಣೆ, ಕೊನೆಗೆ ಅಮಲ್ಜಾರಿ. 2022ರ ಕಟ್ಟುಕಂಡಿ ಎಡತಿಲ್ ಕೃಷ್ಣನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಡಿಕ್ರಿಯ ನಂತರ ವಿಚಾರಣಾ ನ್ಯಾಯಾಲಯವು ಪ್ರತ್ಯೇಕ ಅರ್ಜಿಗೆ ಕಾಯದೆ ತಾನೇ ಮುಂದುವರಿಯಬೇಕೆಂದು ಹೇಳಿತು. ಹೊಸ ಕಟ್ಟಡವಾಗಲಿ ಹೊಸ ಕಾಯ್ದೆಯಾಗಲಿ ಬೇಡದ ಇಂಥ ಸುಧಾರಣೆಗಳನ್ನು ಉತ್ತರದಲ್ಲಿ ಬರೆದರೆ ಅದಕ್ಕೊಂದು ತೂಕ ಬರುತ್ತದೆ. ಇ-ಫೈಲಿಂಗ್, ಮೊಬೈಲಿನಲ್ಲಿ ವಾಯಿದೆ ನೋಡುವ ಸೌಲಭ್ಯ ಇವೆಲ್ಲ ಉಪಯುಕ್ತವೇ, ಆದರೆ ಈ ಗಂಟನ್ನು ಬಿಚ್ಚುವುದು ಅವಲ್ಲ.

ಪರ್ಯಾಯ ಮಾರ್ಗಗಳ ವಿಷಯದಲ್ಲಿ ಒಂದು ಗೊಂದಲ ನಿವಾರಿಸಿಕೊಳ್ಳಿ. ಲೋಕ ಅದಾಲತ್ತಿಗೆ ತೀರ್ಪು ಕೊಡುವ ಅಧಿಕಾರವಿಲ್ಲ. ಇಬ್ಬರೂ ಒಪ್ಪಿದ ರಾಜಿಯನ್ನು ಅದು ದಾಖಲಿಸುತ್ತದೆ, ಅಷ್ಟೇ. 2008ರ ಜಲೌರ್ ಸಿಂಗ್ ಪ್ರಕರಣ ಇದನ್ನು ಸ್ಪಷ್ಟವಾಗಿ ಹೇಳಿದೆ. ಆ ರಾಜಿಗೆ ಡಿಕ್ರಿಯ ಬೆಲೆ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ, ಕೋರ್ಟ್ ಫೀ ಹಿಂದಕ್ಕೆ ಸಿಗುತ್ತದೆ. ಇದಕ್ಕೆ ಭಿನ್ನವಾದದ್ದು 2002ರ ತಿದ್ದುಪಡಿಯಿಂದ ಬಂದ ಖಾಯಂ ಲೋಕ ಅದಾಲತ್. ಮಂಗಳೂರಿನಲ್ಲಿಯೂ ಒಂದು ಇದೆ. ಸಾರಿಗೆ, ವಿದ್ಯುತ್, ನೀರು, ವಿಮೆ, ಆಸ್ಪತ್ರೆಯಂಥ ಸಾರ್ವಜನಿಕ ಸೇವೆಗಳ ವ್ಯಾಜ್ಯ ಅಲ್ಲಿ ರಾಜಿಯಾಗದಿದ್ದರೆ ಅದು ಗುಣಾವಗುಣ ನೋಡಿ ತೀರ್ಮಾನವನ್ನೇ ಕೊಡಬಲ್ಲದು. ರಾಜಿ ಸರಿಸಮಾನರ ನಡುವೆ ಹಿತವಾದದ್ದು. ಹತ್ತು ವರ್ಷ ಅಲೆದು ದಣಿದವರು ಸಿಕ್ಕಷ್ಟಕ್ಕೆ ಸಹಿ ಹಾಕುವುದನ್ನು ಇತ್ಯರ್ಥವೆಂದು ಎಣಿಸುವಾಗ ಸ್ವಲ್ಪ ಯೋಚಿಸಬೇಕು.

ಅನಿತಾ ಕುಶ್ವಾಹ ತೀರ್ಪಿನ ನಾಲ್ಕು ಅಂಶಗಳಲ್ಲಿ ಭಾಷೆ ಪ್ರತ್ಯೇಕವಾಗಿ ಇಲ್ಲ. ನಮ್ಮ ಕರಾವಳಿಯಲ್ಲಿ ಓದುವವರು ಅದನ್ನು ಐದನೆಯದಾಗಿ ಸೇರಿಸಿಕೊಳ್ಳಬೇಕೆಂದು ನನಗೆ ಅನಿಸುತ್ತದೆ. ಅಧೀನ ನ್ಯಾಯಾಲಯದ ಭಾಷೆ ಕನ್ನಡ, ಹೈಕೋರ್ಟಿನದು 348ನೇ ವಿಧಿಯಂತೆ ಇಂಗ್ಲಿಷ್, ಸಾಕ್ಷಿಯದು ತುಳು, ಬ್ಯಾರಿ ಅಥವಾ ಕೊಂಕಣಿ. ಚಾಲಗೇಣಿ (ತಾತ್ಕಾಲಿಕ ಗೇಣಿ), ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ಜಮೀನಿಗೆ ಹೊಂದಿದ ಸರ್ಕಾರಿ ಜಾಗ) ಎಂಬ ಮಾತುಗಳ ನಡುವಿನ ಅಂತರ ಗೊತ್ತಿಲ್ಲದವರು ಅನುವಾದಿಸಿದರೆ ಹಕ್ಕೇ ಬದಲಾದೀತು. ಹೇಳಿಕೆಯನ್ನು ಸಾಕ್ಷಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಹೇಳಬೇಕು, ಅವರು ತಿದ್ದುಪಡಿ ಕೇಳಿದರೆ ದಾಖಲಿಸಬೇಕು ಎಂಬ ನಿಯಮ ಕ್ರಿಮಿನಲ್ ಪ್ರಕ್ರಿಯೆಯಲ್ಲಿ ಹಿಂದಿನಿಂದಲೂ ಇದೆ, 2023ರ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಮುಂದುವರಿದಿದೆ. ಮುಂದಿನ ವಾರ ನಾವು ವಿಚಾರಣೆ ನೋಡಲು ಹೋದಾಗ, ಸಾಕ್ಷಿ ಕಟ್ಟೆಯಲ್ಲಿ ನಿಂತ ಅಜ್ಜಿಯೊಬ್ಬರು ತುಳುವಿನಲ್ಲಿ ಹೇಳಿದ್ದು ಕಾಗದದ ಮೇಲೆ ಯಾವ ಭಾಷೆಯಲ್ಲಿ, ಯಾವ ಶಬ್ದದಲ್ಲಿ ಇಳಿಯಿತು, ಸಹಿಗೆ ಮೊದಲು ಅದನ್ನು ಅವರಿಗೆ ಯಾರು ಓದಿ ಹೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳೋಣ.